ಹುಲ್ಲು, ಹತ್ತಿ, ಎರೆಮಣ್ಣು

ಡಿಸೆಂಬರ್ ಬಂತೆಂದರೆ ತುರ್ವಿಹಾಳದ ಕಡೆ ಭತ್ತದ ಹುಲ್ಲಿಗೆ ಬರವಿಲ್ಲ. ಹಾಗಿರುವಾಗ ಅಂಗನವಾಡಿ ವಯಸ್ಸಿನ ಮಕ್ಕಳ ಕ್ರಿಸ್‌ಮಸ್ ಆಟಕ್ಕೆ ಥರ್ಮಾಕೋಲ್, ಜರಿಪುಡಿ ಯಾಕೆ ಬೇಕು? 1223ರಲ್ಲಿ ಇಟಲಿಯ ಗ್ರೆಚ್ಚೊ ಊರಲ್ಲಿ ಸಂತ ಫ್ರಾನ್ಸಿಸ್ ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ದೃಶ್ಯ, ಮಾಡಿಸಿದ್ದೂ ಒಣಹುಲ್ಲು ಹಾಸಿಯೇ.

ಚಪ್ಪಲಿ ಡಬ್ಬಿಯನ್ನು ಅಡ್ಡ ಮಲಗಿಸಿ ಹಿಡಿ ಹುಲ್ಲು ಹರಡಿ, ದನದ ಕೊಟ್ಟಿಗೆ ತಯಾರು. ಎರೆಮಣ್ಣು ಕಲಸಿ ಕೊಟ್ಟರೆ ಆಕಳು, ಕುರಿ ಮಕ್ಕಳೇ ಮಾಡುತ್ತಾರೆ. ಮಣ್ಣು ಹಸಿ ಇರುವಾಗಲೇ ಹತ್ತಿ ಮೆತ್ತಿದರೆ ಕುರಿಗೆ ಉಣ್ಣೆ ಬಂತು, ಅಂಟೂ ಬೇಡ. ಜೋಳದ ದಂಟಿನ ಸಿಪ್ಪೆ ಕೈ ಕೊಯ್ಯುತ್ತದೆ; ಅದನ್ನು ದೊಡ್ಡವರು ಸುಲಿದು, ಒಳಗಿನ ಬೆಂಡನ್ನಷ್ಟೇ ನಕ್ಷತ್ರ ಜೋಡಿಸಲು ಕೊಡಿ.

ಕುರಿ ಕತ್ತೆಯಂತೆ ಕಂಡರೂ ದಯವಿಟ್ಟು ತಿದ್ದಬೇಡಿ. ಕೊಟ್ಟಿಗೆಯಲ್ಲಿ ಕತ್ತೆಗೂ ಜಾಗವಿದೆ.