ಲೇಹ್ ದಾರಿಯಲ್ಲಿ ಬೈಕಿನ ಮನೆಮದ್ದು

ಹಿಮಾಚಲ ಪ್ರದೇಶದ ಲಾಹೌಲ್ ಕಣಿವೆಯಲ್ಲಿ ಚಂದ್ರಾ ಮತ್ತು ಭಾಗಾ ಎಂಬ ಎರಡು ನದಿಗಳು ತಾಂಡಿ ಎಂಬ ಪುಟ್ಟ ಊರಿನ ಬಳಿ ಕೂಡುತ್ತವೆ. ಕೂಡಿದ ನದಿಗೆ ಚಂದ್ರಭಾಗಾ ಎಂದು ಹೆಸರು. ಮುಂದೆ ಅದೇ ಚಿನಾಬ್. ಆದರೆ ಬೈಕ್ ಸವಾರರ ನಡುವೆ ತಾಂಡಿ ಹೆಸರಾದದ್ದು ಸಂಗಮದಿಂದಲ್ಲ, ಅಲ್ಲಿನ ಪೆಟ್ರೋಲ್ ಬಂಕಿನಿಂದ. ಮುಂದಿನ ಬಂಕು 365 ಕಿಲೋಮೀಟರ್ ದೂರದಲ್ಲಿದೆ ಎಂದು ಎಚ್ಚರಿಸುವ ಫಲಕದ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳದೆ ಮುಂದೆ ಹೋದ ಸವಾರರು ದಶಕಗಳಿಂದ ಅಪರೂಪವೇ.

ಆ ಫಲಕದ ಅರ್ಥ ಪೆಟ್ರೋಲಿಗಷ್ಟೇ ಸೀಮಿತವಲ್ಲ. ಬಂಕು ಇಲ್ಲದ ಕಡೆ ಮೆಕ್ಯಾನಿಕ್ ಸಿಗುವುದೂ ಕಷ್ಟ, ಬಿಡಿಭಾಗದ ಅಂಗಡಿಯೂ ಇಲ್ಲ. ಎಷ್ಟೋ ದೂರ ಮೊಬೈಲ್ ಫೋನೂ ಕೈಕೊಡುತ್ತದೆ. ಕೆಟ್ಟ ಗಾಡಿಯನ್ನು ತನ್ನ ಕೈಯಿಂದಲೇ ಸರಿಮಾಡಿಕೊಂಡು ಮುಂದಿನ ಊರು ಮುಟ್ಟಬೇಕು. ಹಾಗಾಗಿ ಮನಾಲಿ-ಲೇಹ್ ರಸ್ತೆ ಎಂಬುದು ಬೈಕಿನ ಮನೆಮದ್ದುಗಳ ದೊಡ್ಡ ಪಾಠಶಾಲೆ. ಅಲ್ಲಿ ಯಾವ ಮದ್ದು ಫಲಿಸುತ್ತದೆ, ಯಾವುದು ಪ್ರಾಣಕ್ಕೆ ಎರವಾಗುತ್ತದೆ ಎಂಬುದನ್ನು ತಿಳಿಯುವುದು ಪ್ರವಾಸ ಹೊರಟವರಿಗೆ ಮಾತ್ರವಲ್ಲ, ಮನೆಯಲ್ಲಿ ಕಾಯುವ ತಂದೆತಾಯಿಗಳಿಗೂ ಅಗತ್ಯ.

ಏರುತ್ತಾ ಹೋದಂತೆ

ಕರ್ನಾಟಕದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್. ಮನಾಲಿ ಪೇಟೆ ಅದಕ್ಕಿಂತ ಎತ್ತರದಲ್ಲಿದೆ! ಮೊದಲು ಮನಾಲಿಯಿಂದ ಹೊರಟವರು ರೋಹ್‌ತಾಂಗ್ ಕಣಿವೆಮಾರ್ಗವನ್ನು ಏರಿ ಇಳಿಯಬೇಕಿತ್ತು. 2020ರ ಅಕ್ಟೋಬರ್ 3ರಂದು ಉದ್ಘಾಟನೆಯಾದ, 9 ಕಿಲೋಮೀಟರಿಗೂ ತುಸು ಉದ್ದದ ಅಟಲ್ ಸುರಂಗ ಆ ಶ್ರಮವನ್ನು ತಪ್ಪಿಸಿದೆ. ಸುರಂಗ ದಾಟಿದರೆ ಲಾಹೌಲ್. ಅಲ್ಲಿಂದ ತಾಂಡಿ, ಕೇಲಾಂಗ್, ಜಿಸ್ಪಾ, ದಾರ್ಚಾ. ಬಳಿಕ 4,900 ಮೀಟರ್ ಆಸುಪಾಸಿನ ಬಾರಾಲಾಚಾ ಲಾ. ಇಳಿದರೆ ಸರ್ಚು. ಮುಂದೆ 21 ತಿರುವುಗಳ ಗಾಟಾ ಲೂಪ್ಸ್, ನಕೀ ಲಾ, ಲಾಚುಂಗ್ ಲಾ, ಪಾಂಗ್, ಸುಮಾರು 40 ಕಿಲೋಮೀಟರ್ ಹರಡಿದ ಮೋರೆ ಬಯಲು. ಕೊನೆಗೆ 5,300 ಮೀಟರ್ ಮೀರಿದ ತಂಗ್ಲಾಂಗ್ ಲಾ. ಅಲ್ಲಿನ ಭಾಷೆಯಲ್ಲಿ ‘ಲಾ’ ಎಂದರೆ ಬೆಟ್ಟಗಳ ನಡುವಿನ ದಾಟುದಾರಿ.

ತಂಗ್ಲಾಂಗ್ ಲಾದಲ್ಲಿ ವಾಯುವಿನ ಒತ್ತಡ ಸಮುದ್ರಮಟ್ಟದ ಅರ್ಧಕ್ಕಿಂತ ಸ್ವಲ್ಪವಷ್ಟೇ ಹೆಚ್ಚು. ಗಾಳಿಯಲ್ಲಿ ಆಮ್ಲಜನಕದ ಪ್ರಮಾಣ ಅಲ್ಲೂ ಶೇಕಡ 21ರಷ್ಟೇ ಇರುತ್ತದೆ; ಆದರೆ ಗಾಳಿಯೇ ತೆಳು. ಪಾಂಗ್‌ನ ಟೆಂಟ್ ಹೋಟೆಲಿನಲ್ಲಿ ನೀರು ಸುಮಾರು 85 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುತ್ತದೆ. ಪ್ರೆಶರ್ ಕುಕ್ಕರ್ ಇಲ್ಲದೆ ಬೇಳೆ ಬೇಯಿಸಲು ಹೊರಟವರ ಪಾಡು ಕೇಳಬೇಡಿ.

ಕಾರ್ಬುರೇಟರ್ ಇರುವ ಹಳೆಯ ಬೈಕುಗಳಿಗೂ ಇಲ್ಲಿ ಅಜೀರ್ಣ ಶುರುವಾಗುತ್ತದೆ. ಒಂದು ಪಾಲು ಪೆಟ್ರೋಲ್ ಸರಿಯಾಗಿ ಉರಿಯಲು ತೂಕದಲ್ಲಿ ಸುಮಾರು 15 ಪಾಲು ಗಾಳಿ ಬೇಕು. ಮೇಲೇರಿದಂತೆ ಗಾಳಿ ಕಡಿಮೆಯಾಗುವಷ್ಟು ವೇಗವಾಗಿ ಪೆಟ್ರೋಲ್ ಕಡಿಮೆಯಾಗುವುದಿಲ್ಲ. ದೋಸೆ ಹಿಟ್ಟಿಗೆ ನೀರು ಹೆಚ್ಚಾದಂತೆ ಮಿಶ್ರಣ ಹದ ತಪ್ಪುತ್ತದೆ. ಅರ್ಧ ಉರಿದ ಪೆಟ್ರೋಲ್ ಮಸಿಯಾಗಿ ಸ್ಪಾರ್ಕ್ ಪ್ಲಗ್ಗಿಗೆ ಅಂಟುತ್ತದೆ; ಗಾಡಿ ಕೆಮ್ಮುತ್ತದೆ, ಏರಿನಲ್ಲಿ ನಿಲ್ಲುತ್ತದೆ. ಪ್ಲಗ್ ಬಿಚ್ಚಿ, ಮಸಿಯನ್ನು ತಂತಿ ಬ್ರಷ್ಷಿನಿಂದ ಉಜ್ಜಿ, ಒಣಗಿಸಿ ಹಾಕಿದರೆ ಇನ್ನಷ್ಟು ದೂರ ಹೋಗಬಹುದು. ಗೊತ್ತಿದ್ದವರು ಕಾರ್ಬುರೇಟರಿನ ಜೆಟ್ ಬದಲಿಸಿ ಚಿಕ್ಕದನ್ನು ಹಾಕುತ್ತಾರೆ. ಬೆಟ್ಟ ಇಳಿದ ಮೇಲೆ ಮತ್ತೆ ಮೊದಲಿನ ಜೆಟ್ಟನ್ನೇ ಹಾಕಬೇಕು. ಇಲ್ಲವಾದರೆ ಪೆಟ್ರೋಲ್ ಸಾಲದೆ ಎಂಜಿನ್ ವಿಪರೀತ ಬಿಸಿಯಾಗುತ್ತದೆ.

ಕೆಲವರು ಗಾಳಿ ಹೆಚ್ಚು ಸಿಗಲೆಂದು ಏರ್ ಫಿಲ್ಟರನ್ನೇ ಕಿತ್ತು ಚೀಲಕ್ಕೆ ಹಾಕುವುದುಂಟು. ಗಾಡಿ ಆ ಗಳಿಗೆಗೆ ಚುರುಕಾದಂತೆ ಕಾಣುತ್ತದೆ. ಆದರೆ ಮೋರೆ ಬಯಲಿನ ಧೂಳು ಎಂಜಿನ್ನಿನ ಒಳಹೊಕ್ಕು ಸಿಲಿಂಡರ್ ಗೋಡೆಯನ್ನು ಎಮರಿ ಕಾಗದದಂತೆ ಉಜ್ಜುತ್ತದೆ. ಒಂದು ದಿನದ ಅನುಕೂಲಕ್ಕೆ ಎಂಜಿನ್ನಿನ ಆಯುಸ್ಸನ್ನೇ ಒತ್ತೆ ಇಟ್ಟಂತೆ.

2020ರ ಏಪ್ರಿಲ್‌ನಲ್ಲಿ ಬಿ.ಎಸ್.-6 ನಿಯಮ ಬಂದ ಮೇಲೆ ತಯಾರಾದ ಬೈಕುಗಳಲ್ಲಿ ಹೆಚ್ಚಿನವಕ್ಕೆ ಫ್ಯೂಯೆಲ್ ಇಂಜೆಕ್ಷನ್ ಇದೆ. ತೆಳುಗಾಳಿಯನ್ನು ಸೆನ್ಸರ್‌ಗಳೇ ಗುರುತಿಸಿ ಪೆಟ್ರೋಲನ್ನು ಇಳಿಸುತ್ತವೆ. ಆದರೂ ಇಲ್ಲದ ಆಮ್ಲಜನಕವನ್ನು ಯಾವ ಯಂತ್ರವೂ ಹುಟ್ಟಿಸಲಾರದು. ಶಕ್ತಿ ಕುಂದುವುದು ಎಲ್ಲ ಗಾಡಿಗಳಿಗೂ ತಪ್ಪದು.

ಅಡುಗೆಮನೆಯಿಂದ ಟೂಲ್‌ಬಾಕ್ಸಿಗೆ

ಅನುಭವಿ ಸವಾರರ ಚೀಲ ತೆರೆದರೆ ಅರ್ಧ ಅಡುಗೆಮನೆ, ಅರ್ಧ ಬಚ್ಚಲುಮನೆ ಕಾಣುತ್ತದೆ. ಬಟ್ಟೆ ಸೋಪಿನ ಒಂದು ತುಂಡು ಅದರಲ್ಲಿ ಇದ್ದೇ ಇರುತ್ತದೆ. ಟ್ಯಾಂಕಿಗೆ ಕಲ್ಲು ಬಡಿದು ಪೆಟ್ರೋಲ್ ಜಿನುಗತೊಡಗಿದರೆ ಸೋಪನ್ನು ಒತ್ತಿ ತಿಕ್ಕಿ ಸಂದು ಮುಚ್ಚುತ್ತಾರೆ. ನೀರಿನಲ್ಲಿ ಕರಗುವ ಸೋಪು ಪೆಟ್ರೋಲಿನಲ್ಲಿ ಕರಗುವುದಿಲ್ಲವೆಂಬ ರಸಾಯನಶಾಸ್ತ್ರವೇ ಈ ಮದ್ದಿನ ಗುಟ್ಟು. ಎಂಜಿನ್ ಆರಿಸಿ, ತಣಿಸಿ, ಬೆಂಕಿಕಡ್ಡಿ-ಬೀಡಿಗಳನ್ನು ದೂರವಿಟ್ಟೇ ಈ ಕೆಲಸ ಮಾಡಬೇಕು. ಎಂ-ಸೀಲ್ ಇದ್ದರೆ ಇನ್ನೂ ಒಳ್ಳೆಯದು. ಎಣ್ಣೆ ಪಸೆ ಇಲ್ಲದಂತೆ ಒರೆಸಿ ಹಚ್ಚಬೇಕು. ಚಳಿಯಲ್ಲಿ ಅದು ಗಟ್ಟಿಯಾಗಲು ಹೆಚ್ಚು ಹೊತ್ತು ಹಿಡಿಯುತ್ತದೆ.

ಅಕ್ಕನದೋ ತಂಗಿಯದೋ ಉಗುರುಬಣ್ಣದ ಸೀಸೆಗೂ ಇಲ್ಲಿ ಮರ್ಯಾದೆ. ಮುಖ್ಯ ನಟ್ಟುಗಳನ್ನು ಬಿಗಿ ಮಾಡಿದ ಮೇಲೆ ನಟ್ಟಿನಿಂದ ಬೋಲ್ಟಿಗೆ ಅಡ್ಡವಾಗಿ ಒಂದು ಗೆರೆ ಎಳೆಯುತ್ತಾರೆ. ಕಲ್ಲುದಾರಿಯ ಕುಲುಕಿಗೆ ನಟ್ಟು ಸಡಿಲವಾದರೆ ಗೆರೆ ಮುರಿದು ಕಾಣುತ್ತದೆ. ಬೆಳಿಗ್ಗೆ ಚಹಾ ಕುಡಿಯುತ್ತಾ ಗಾಡಿಯ ಸುತ್ತ ಒಂದು ಸುತ್ತು ಹಾಕಿದರೆ ಸಾಕು, ತಪಾಸಣೆ ಮುಗಿಯಿತು.

ಬ್ಯಾಟರಿಯ ತುದಿಗಳಿಗೆ ಬಿಳಿಹುಡಿ ಹಿಡಿದಿದ್ದರೆ ಅಡುಗೆ ಸೋಡ ಕಲಸಿದ ಬಿಸಿನೀರಿನಲ್ಲಿ ಬ್ರಷ್ ಅದ್ದಿ ಉಜ್ಜಬೇಕು. ಸೋಡ ಆಮ್ಲವನ್ನು ತಟಸ್ಥಗೊಳಿಸುತ್ತದೆ. ಒರೆಸಿ ವ್ಯಾಸಲೀನ್ ಸವರಿದರೆ ಮತ್ತೆ ಹಿಡಿಯುವುದು ನಿಧಾನ. ಕ್ಲಚ್ ಕೇಬಲ್ ತುಂಡಾಗುವುದು ಸಾಮಾನ್ಯ. ಚಳಿಯಲ್ಲಿ ನಡುಗುವ ಕೈಯಿಂದ ಹೊಸದನ್ನು ಟ್ಯಾಂಕಿನಡಿ ತೂರಿಸುವುದು ಮಾತ್ರ ಸಾಮಾನ್ಯ ಕೆಲಸವಲ್ಲ. ಅದಕ್ಕೇ ಜಾಣರು ಊರಿನಲ್ಲೇ ಹಳೆಯ ಕೇಬಲಿನ ಪಕ್ಕ ಹೊಸದನ್ನು ಇಟ್ಟು ಟೇಪು ಸುತ್ತಿರುತ್ತಾರೆ. ತುಂಡಾದ ದಿನ ಎರಡು ತುದಿ ಸಿಕ್ಕಿಸಿದರಾಯಿತು. ಚೈನ್ ಲಾಕನ್ನೂ ಒಂದೆರಡು ಹೆಚ್ಚು ಇಟ್ಟುಕೊಂಡಿರಬೇಕು. ಮೀನಿನಾಕಾರದ ಆ ಕ್ಲಿಪ್ಪನ್ನು ಹಾಕುವಾಗ ಮುಚ್ಚಿದ ತುದಿ ಚೈನ್ ಓಡುವ ದಿಕ್ಕಿಗೇ ಇರಬೇಕು. ಮೀನು ತಲೆ ಮುಂದಾಗಿ ಈಜುತ್ತದೆ ಎಂದು ನೆನಪಿಟ್ಟರೆ ತಪ್ಪುವುದಿಲ್ಲ.

ಪೆಟ್ರೋಲಿನ ಲೆಕ್ಕ ಸರಳ. ಲೀಟರಿಗೆ 30 ಕಿಲೋಮೀಟರ್ ಓಡಿದರೂ 365 ಕಿಲೋಮೀಟರಿಗೆ 12 ಲೀಟರಿಗೆ ಮೇಲೆ ಬೇಕು. ಏರುದಾರಿಯಲ್ಲಿ ಇನ್ನೂ ಹೆಚ್ಚು. ಕ್ಯಾನಿನಲ್ಲಿ ಒಯ್ಯುವವರು ಅದನ್ನು ಬಾಯಿತನಕ ತುಂಬಬಾರದು. ಉಷ್ಣತೆ 10 ಡಿಗ್ರಿ ಏರಿದರೆ 5 ಲೀಟರ್ ಪೆಟ್ರೋಲ್ ಸುಮಾರು 50 ಮಿಲಿಲೀಟರ್ ಹಿಗ್ಗುತ್ತದೆ. ಜೊತೆಗೆ ಹೊರಗಿನ ಒತ್ತಡವೂ ಇಳಿಯುವುದರಿಂದ ಕ್ಯಾನು ಉಬ್ಬುತ್ತದೆ. ಚಹಾ ಅಂಗಡಿಯ ಚಿಪ್ಸ್ ಪೊಟ್ಟಣಗಳು ಉಬ್ಬಿ ನಿಂತಿರುವುದೂ ಇದೇ ಕಾರಣಕ್ಕೆ.

ಹಳ್ಳ ದಾಟುವುದಕ್ಕೂ ವೇಳೆ ಇದೆ. ರಸ್ತೆಗೆ ಅಡ್ಡಲಾಗಿ ಹರಿಯುವ ಹಿಮನೀರು ಬೆಳಗಿನ ಜಾವ ಕಡಿಮೆ. ಬಿಸಿಲೇರಿ ಹಿಮ ಕರಗಿದಂತೆ ಮಧ್ಯಾಹ್ನಕ್ಕೆ ಉಕ್ಕುತ್ತದೆ. ನೀರಿನ ನಡುವೆ ಎಂಜಿನ್ ಆರಿಹೋದರೆ ಒಡನೆ ಸ್ಟಾರ್ಟ್ ಮಾಡಲು ಹೋಗಬಾರದು. ಗಾಳಿಯಂತೆ ನೀರನ್ನು ಕುಗ್ಗಿಸಲಾಗದು. ಸಿಲಿಂಡರಿಗೆ ನೀರು ಸೇರಿದ್ದರೆ ಒಳಗಿನ ಭಾಗಗಳು ಬಾಗುತ್ತವೆ. ದಡಕ್ಕೆ ತಳ್ಳಿ, ಪ್ಲಗ್ ತೆಗೆದು, ನೀರು ಹೊರಹಾಕಿದ ಮೇಲೆಯೇ ಮುಂದಿನ ಮಾತು.

ಮೈಸೂರಿನ ಪಾಠ

ಇಂಥ ಕೈಗುಣ ಕನ್ನಡ ನಾಡಿಗೆ ಹೊಸದಲ್ಲ. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ಜಾವಾ, 1973ರಿಂದ ಯೆಜ್ಡಿ ಬೈಕುಗಳು ತಯಾರಾದವು. ಗೇರಿಗೂ ಕಿಕ್ಕಿಗೂ ಒಂದೇ ಲಿವರ್ ಇದ್ದ ಅವುಗಳ ಸದ್ದು ಕೇಳಿದೊಡನೆ ಗುರುತು ಹಿಡಿಯುವವರು ಇಂದಿಗೂ ಇದ್ದಾರೆ. 1996ರಲ್ಲಿ ಕಾರ್ಖಾನೆ ಮುಚ್ಚಿತು. ಗಾಡಿಗಳು ಮಾತ್ರ ಓಡುತ್ತಲೇ ಉಳಿದವು. ಓಡಿಸಿದ್ದು ಮೆಕ್ಯಾನಿಕರ ಮತ್ತು ಮಾಲೀಕರ ಕೈ. ಕಾಂಟ್ಯಾಕ್ಟ್ ಪಾಯಿಂಟ್ ಒರೆಸುವುದು, ಪೆಟ್ರೋಲಿಗೆ ಅಳತೆಯಂತೆ ಆಯಿಲ್ ಬೆರೆಸುವುದು, ಸದ್ದಿನಲ್ಲೇ ರೋಗ ಹಿಡಿಯುವುದು, ಎಲ್ಲವನ್ನೂ ಅವರು ಮನೆಯಂಗಳದಲ್ಲೇ ಕಲಿತರು. ಲೇಹ್‌ಗೆ ಹೊರಡುವವರು ಕಲಿಯಬೇಕಾದದ್ದೂ ಅಂಗಳದಲ್ಲೇ. ಟ್ಯೂಬ್ ಬದಲಿಸುವುದನ್ನು ಮೊದಲ ಸಲ ಬಾರಾಲಾಚಾದ ಗಾಳಿಯಲ್ಲಿ ಕಲಿಯಲಾಗದು.

ಮದ್ದು ಸಲ್ಲದ ಕಡೆ

ಮನೆಮದ್ದಿಗೊಂದು ಗೆರೆ ಇದೆ. ಬ್ರೇಕು, ಟೈರು, ಹ್ಯಾಂಡಲ್, ಚಕ್ರದ ಅಚ್ಚು, ಈ ನಾಲ್ಕು ಆ ಗೆರೆಯ ಆಚೆಗಿನವು. ಬ್ರೇಕ್ ಆಯಿಲ್ ಬತ್ತಿದರೆ ಅದರ ಬದಲು ಬೇರೆ ಎಣ್ಣೆ ಹೊಯ್ಯುವಂತಿಲ್ಲ. ಬ್ರೇಕ್ ಆಯಿಲ್ ಕಾಲಕ್ರಮೇಣ ಗಾಳಿಯ ತೇವವನ್ನು ಹೀರುತ್ತದೆ. ಉದ್ದ ಇಳಿಜಾರಿನಲ್ಲಿ ಬಿಸಿಯಾಗಿ ಕುದಿದರೆ ಲಿವರ್ ಒತ್ತಿದರೂ ಗಾಡಿ ನಿಲ್ಲದು. ಹೊರಡುವ ಮುಂಚೆಯೇ ಬದಲಿಸಬೇಕು, ಇಳಿಯುವಾಗ ಚಿಕ್ಕ ಗೇರಿನಲ್ಲಿ ಎಂಜಿನ್ನಿಗೆ ಗಾಡಿ ಹಿಡಿಯಲು ಬಿಡಬೇಕು.

ಫ್ಯೂಸು ಹೋದಾಗ ಸಿಗರೇಟ್ ಪ್ಯಾಕಿನ ಬೆಳ್ಳಿಕಾಗದ ಸುತ್ತುವವರಿದ್ದಾರೆ. ದೀಪ ಹತ್ತುತ್ತದೆ, ಗಾಡಿ ಓಡುತ್ತದೆ, ಎಲ್ಲರೂ ಭೇಷ್ ಎನ್ನುತ್ತಾರೆ. ಆದರೆ ಫ್ಯೂಸು ಇರುವುದೇ ಕರಗುವುದಕ್ಕೆ. ‘ಒಳಗೆ ಏನೋ ತಪ್ಪಾಗಿದೆ’ ಎಂದು ಅದು ತನ್ನ ಪ್ರಾಣ ಕೊಟ್ಟು ಹೇಳುತ್ತದೆ. ಆ ಬಾಯಿ ಮುಚ್ಚಿಸಿದರೆ ಮುಂದೆ ಕರಗುವುದು ವೈರು, ಹತ್ತಿಕೊಳ್ಳುವುದು ಪೆಟ್ರೋಲ್ ಟ್ಯಾಂಕು.

ಸವಾರನ ದೇಹದಲ್ಲೂ ಇಂಥದೇ ಒಂದು ಫ್ಯೂಸು ಇದೆ. ಎತ್ತರಕ್ಕೆ ಒಗ್ಗದಿದ್ದಾಗ ತಲೆನೋವು, ವಾಕರಿಕೆ, ಊಟ ಸೇರದಿರುವುದು, ನಿದ್ದೆ ಬಾರದಿರುವುದು ಕಾಣಿಸಿಕೊಳ್ಳುತ್ತವೆ. ತಲೆನೋವಿನ ಮಾತ್ರೆ ನುಂಗಿ ಮತ್ತೂ ಮೇಲೇರುವುದು ಫ್ಯೂಸಿಗೆ ಬೆಳ್ಳಿಕಾಗದ ಸುತ್ತಿದಂತೆಯೇ. ನಡಿಗೆ ತೊದಲಿದರೆ, ಮಾತು ಗೊಂದಲವಾದರೆ, ಸುಮ್ಮನೆ ಕೂತಾಗಲೂ ಏದುಸಿರು ಬಂದರೆ ಪ್ರಾಣಾಪಾಯ ಹತ್ತಿರವಿದೆ ಎಂದರ್ಥ. ತಡಮಾಡದೆ ಕೆಳಗಿಳಿಯಬೇಕು, ವೈದ್ಯರ ಬಳಿ ಒಯ್ಯಬೇಕು. ಇದಕ್ಕೆ ಟೂಲ್‌ಬಾಕ್ಸಿನಲ್ಲಿ ಮದ್ದಿಲ್ಲ.

3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗದ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು ಎಂಬುದು ವೈದ್ಯರ ಸಲಹೆ. ಸುರಂಗ ಬಂದ ಮೇಲೆ ಮನಾಲಿಯಿಂದ ಒಂದೇ ದಿನಕ್ಕೆ 4,300 ಮೀಟರಿನ ಸರ್ಚು ಮುಟ್ಟುವುದು ಮೊದಲಿಗಿಂತ ಸುಲಭ. ದೇಹಕ್ಕೆ ಸುರಂಗ ಬಂದಿರುವುದು ಗೊತ್ತಿಲ್ಲ! ಸರ್ಚುವಿನಲ್ಲಿ ರಾತ್ರಿ ಕಾಯಿಲೆ ಬಿದ್ದವರ ಕಷ್ಟ ಇನ್ನೂ ದೊಡ್ಡದು. ಹಿಂದೆ ಬಾರಾಲಾಚಾ, ಮುಂದೆ ಲಾಚುಂಗ್ ಲಾ. ಎತ್ತ ಇಳಿಯಬೇಕಾದರೂ ಮೊದಲು ಏರಲೇಬೇಕು. ಆದ್ದರಿಂದಲೇ ತಿಳಿದವರು ಸುಮಾರು 3,200 ಮೀಟರಿನ ಜಿಸ್ಪಾದಲ್ಲೋ ಕೇಲಾಂಗ್‌ನಲ್ಲೋ ಎರಡು ರಾತ್ರಿ ತಂಗುತ್ತಾರೆ. ಅದು ಸೋಮಾರಿತನವಲ್ಲ, ಪ್ರವಾಸದ ಮುಖ್ಯ ದುರಸ್ತಿ ಕೆಲಸ.

ಜೊತೆಗಾರರು ನಕ್ಕಾರೆಂದು ಹುಡುಗರು ತಲೆನೋವನ್ನು ಮುಚ್ಚಿಡುವುದುಂಟು. ಮನೆಯವರೂ ಫೋನಿನಲ್ಲಿ ‘ಎಲ್ಲಿಗೆ ಮುಟ್ಟಿದೆ?’ ಎಂದಷ್ಟೇ ಕೇಳುತ್ತಾರೆ. ‘ರಾತ್ರಿ ನಿದ್ದೆ ಬಂತೇ? ಊಟ ಸೇರಿತೇ?’ ಎಂದು ಕೇಳಿದರೆ ಹೆಚ್ಚು ಉಪಯೋಗ. ‘ಹಿಂದಿರುಗಿ ಬಂದರೆ ಯಾರೂ ಏನೂ ಅನ್ನುವುದಿಲ್ಲ’ ಎಂಬ ಒಂದು ಮಾತನ್ನು ಹೊರಡುವ ದಿನವೇ ಹೇಳಿದ್ದರೆ ಅದು ಚೀಲದಲ್ಲಿರುವ ಎಲ್ಲ ಸ್ಪ್ಯಾನರ್‌ಗಳಿಗಿಂತ ದೊಡ್ಡ ಉಪಕರಣ.

ತಂಗ್ಲಾಂಗ್ ಲಾ ಇಳಿದು ರುಮ್ತ್ಸೆ, ಗ್ಯಾ ಹಳ್ಳಿಗಳನ್ನು ದಾಟಿದರೆ ಉಪ್ಶಿಯಲ್ಲಿ ಸಿಂಧೂ ನದಿ ಎದುರಾಗುತ್ತದೆ. ನದಿಯ ಜೊತೆಜೊತೆಗೆ ಸಾಗಿದರೆ ಕಾರು ಎಂಬ ಊರು, ಅಲ್ಲಿಂದಾಚೆ ಲೇಹ್. ಅಲ್ಲಿ ಮೆಕ್ಯಾನಿಕರಿದ್ದಾರೆ, ಬಿಡಿಭಾಗಗಳಿವೆ. ಟ್ಯಾಂಕಿನ ಸೋಪನ್ನು ಕೆರೆದು ಬೆಸುಗೆ ಹಾಕಿಸಬೇಕಾದದ್ದು ಅಲ್ಲಿ. ‘ಹೇಗೂ ಓಡುತ್ತಿದೆಯಲ್ಲ’ ಎಂದು ಹಾಗೇ ಬಿಟ್ಟವರ ಗಾಡಿ ಮರಳುವ ದಾರಿಯಲ್ಲಿ ಕೈಕೊಡುತ್ತದೆ. ಮನೆಮದ್ದಿನ ಆಯುಸ್ಸು ಮುಂದಿನ ಊರಿನವರೆಗೆ ಮಾತ್ರ.

ಹದಿನೆಂಟು ತುಂಬುವ ಮುನ್ನ ಗೇರ್ ಬೈಕು ಓಡಿಸಲು ಕಾನೂನು ಬಿಡುವುದಿಲ್ಲ. ಸ್ಪ್ಯಾನರ್ ಹಿಡಿಯಲು ಅಂಥ ಮಿತಿಯಿಲ್ಲ. ಬರುವ ಭಾನುವಾರ ಅಪ್ಪನ ಗಾಡಿಯ ಪ್ಲಗ್ಗನ್ನು, ಎಂಜಿನ್ ತಣ್ಣಗಾದ ಮೇಲೆ, ಅಪ್ಪನ ಎದುರಿನಲ್ಲೇ ಬಿಚ್ಚಿ ನೋಡಬಹುದು. ಅದರ ತುದಿ ಮಸಿ ಹಿಡಿದಿದೆಯೋ, ತಿಳಿಕಂದು ಬಣ್ಣಕ್ಕಿದೆಯೋ? ಲೇಹ್ ದಾರಿ ಶುರುವಾಗುವುದು ಅಲ್ಲಿಂದಲೇ.