ಪ್ರಳಯದ ಮರುದಿನ

ಪ್ರಳಯದ ಕಲ್ಪನೆ ಮನುಷ್ಯನಿಗೆ ಹೊಸದಲ್ಲ. ಉಕ್ಕಿಬಂದ ಮಹಾಜಲದಲ್ಲಿ ಮನುವಿನ ದೋಣಿಯನ್ನು ಮೀನೊಂದು ಎಳೆದೊಯ್ದು ಹಿಮಾಲಯದ ಶಿಖರಕ್ಕೆ ಮುಟ್ಟಿಸಿದ ಕಥೆ ಮಹಾಭಾರತದ ವನಪರ್ವದಲ್ಲಿದೆ. ಆ ದೋಣಿಯಲ್ಲಿ ಮನುವಿನ ಜೊತೆಗಿದ್ದುದೇನು? ಸಪ್ತರ್ಷಿಗಳು ಮತ್ತು ಸಕಲ ವಿಧದ ಬೀಜಗಳು. ಅನ್ನಕ್ಕೆ ಬೀಜ, ಅರಿವಿಗೆ ಋಷಿಗಳು. ಇವೆರಡಿದ್ದರೆ ಲೋಕವನ್ನು ಮತ್ತೆ ಕಟ್ಟಬಹುದೆಂಬುದು ನಮ್ಮ ಪೂರ್ವಿಕರ ನಂಬಿಕೆಯಾಗಿತ್ತೆಂದು ತೋರುತ್ತದೆ.

ದೋಣಿಗೆ ಏನನ್ನು ತುಂಬಿಕೊಳ್ಳಬೇಕು ಎಂಬ ಈ ಪ್ರಶ್ನೆಯನ್ನೇ ಪಶ್ಚಿಮದ ವೈಜ್ಞಾನಿಕ ಕಾದಂಬರಿಕಾರರು ಬೇರೊಂದು ರೀತಿಯಲ್ಲಿ ಕೇಳಿದ್ದಾರೆ. 1826ರಲ್ಲಿ ಮೇರಿ ಶೆಲ್ಲಿ ಬರೆದ ‘ದಿ ಲಾಸ್ಟ್ ಮ್ಯಾನ್’ ಕಾದಂಬರಿಯಲ್ಲಿ ಮಹಾಮಾರಿಯೊಂದು ಮನುಕುಲವನ್ನು ಅಳಿಸಿಹಾಕುತ್ತದೆ. ಕೊನೆಗೆ ಒಬ್ಬನೇ ಒಬ್ಬ ಉಳಿಯುತ್ತಾನೆ. ಕಟ್ಟುವುದಕ್ಕೆ ಅಲ್ಲಿ ಎರಡನೆಯ ಕೈಯಿಲ್ಲ. 1945ರ ಆಗಸ್ಟ್ ತಿಂಗಳಲ್ಲಿ ಹಿರೋಷಿಮ, ನಾಗಸಾಕಿಗಳು ಸುಟ್ಟು ಬೂದಿಯಾದ ಮೇಲೆ ಪ್ರಳಯವು ದೈವದ ಕೈಯಿಂದ ಮನುಷ್ಯನ ಕೈಗೇ ಬಂದಿತು. ಅಲ್ಲಿಂದಾಚೆಗೆ ಇಂಥ ಕಥೆಗಳು ನೂರಾರು ಬಂದವು. ಅವುಗಳಲ್ಲಿ ಬಹುಪಾಲು ನಾಶದ ವರ್ಣನೆಯಲ್ಲಿಯೇ ಮುಗಿಯುತ್ತವೆ. ಕೆಲವೇ ಕೆಲವು ಪ್ರಳಯದ ಮರುದಿನದ ಬೆಳಗನ್ನು ಕುರಿತು ಯೋಚಿಸುತ್ತವೆ. ನನ್ನ ಮನಸ್ಸಿನಲ್ಲಿ ನೆಲೆನಿಂತವು ಈ ಬಗೆಯವೇ.

ಅವುಗಳಲ್ಲಿ ಮೊದಲನೆಯದು 1949ರಲ್ಲಿ ಪ್ರಕಟವಾದ ‘ಅರ್ಥ್ ಅಬೈಡ್ಸ್’. ಇದನ್ನು ಬರೆದ ಜಾರ್ಜ್ ಸ್ಟುವರ್ಟ್ ಅವರು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದರು. ಇಶ್ ಎಂಬ ತರುಣ ಬೆಟ್ಟದಲ್ಲಿ ಒಂಟಿಯಾಗಿದ್ದಾಗ ಹಾವು ಕಚ್ಚುತ್ತದೆ. ಅವನು ಚೇತರಿಸಿಕೊಂಡು ಕೆಳಗಿಳಿದು ಬರುವಷ್ಟರಲ್ಲಿ ಸಾಂಕ್ರಾಮಿಕ ರೋಗವೊಂದು ನಾಡನ್ನೆಲ್ಲ ಬರಿದು ಮಾಡಿರುತ್ತದೆ. ಮುಂದೆ ಎಮ್ ಎಂಬ ಹೆಣ್ಣು ಅವನ ಬಾಳಸಂಗಾತಿಯಾಗುತ್ತಾಳೆ. ಬದುಕುಳಿದ ಇನ್ನೂ ಕೆಲವರು ಬಂದು ಸೇರುತ್ತಾರೆ, ಮಕ್ಕಳಾಗುತ್ತವೆ, ಚಿಕ್ಕದೊಂದು ಸಮುದಾಯ ರೂಪುಗೊಳ್ಳುತ್ತದೆ. ವರ್ಷದ ಕೊನೆಯಲ್ಲಿ ಎಲ್ಲರೂ ಬಂಡೆಯೊಂದರ ಬಳಿ ನೆರೆದು, ಕಳೆದ ವರ್ಷದ ಸಂಖ್ಯೆಯನ್ನು ಅದರ ಮೇಲೆ ಕೆತ್ತಿ, ಆ ವರ್ಷಕ್ಕೊಂದು ಹೆಸರಿಡುತ್ತಾರೆ.

ಇಶ್‌ನ ದೊಡ್ಡ ಆಸೆ ವಿದ್ಯೆ. ವಿಶ್ವವಿದ್ಯಾನಿಲಯದ ಗ್ರಂಥಾಲಯ ಹಾಳಾಗದೆ ಉಳಿದಿದೆ. ಮಕ್ಕಳು ಓದಲು ಕಲಿತರೆ ನಾಗರಿಕತೆ ಮತ್ತೆ ಚಿಗುರೀತೆಂದು ಅವನು ಶಾಲೆ ನಡೆಸುತ್ತಾನೆ. ಆದರೆ ಮಕ್ಕಳಿಗೆ ಅಕ್ಷರದ ಹಂಬಲವಿಲ್ಲ. ಜೋಯಿ ಎಂಬ ಮಗನೊಬ್ಬನು ಮಾತ್ರ ಪುಸ್ತಕಕ್ಕೆ ಒಲಿಯುತ್ತಾನೆ. ಅವನನ್ನೂ ವಿಷಮಶೀತ ಜ್ವರ ಕೊಂಡೊಯ್ಯುತ್ತದೆ. ಮಗನನ್ನು ಕಳೆದುಕೊಂಡ ತಂದೆ ಶಾಲೆಯನ್ನು ಮುಚ್ಚಿ, ಮಕ್ಕಳಿಗೆ ಬಿಲ್ಲು ಬಾಣ ಮಾಡುವುದನ್ನು ಹೇಳಿಕೊಡುತ್ತಾನೆ. ಮಕ್ಕಳು ಅದನ್ನು ಆಟವೆಂದೇ ತಿಳಿದು ಮನಸಾರೆ ಕಲಿಯುತ್ತಾರೆ.

ಅಧ್ಯಾಪಕನಾಗಿ ಬಾಳು ಕಳೆದ ನನಗೆ ಕಥೆಯ ಈ ಭಾಗ ಸುಲಭವಾಗಿ ದಕ್ಕುವಂಥದಲ್ಲ. ಶಾಲೆ ಸೋತು ಬಿಲ್ಲು ಗೆದ್ದಿತೆಂದರೆ ನಮ್ಮ ಕಸುಬಿಗೆ ಉಳಿಯುವ ಅರ್ಥವೇನು? ಈ ಪ್ರಶ್ನೆ ನನ್ನನ್ನು ಬಹುಕಾಲ ಕಾಡಿತು. ಕೋವಿಡ್ ಸಾಂಕ್ರಾಮಿಕದಿಂದ ಶಾಲೆಗಳು ಮುಚ್ಚಿದ್ದ 2020ರಲ್ಲಿ ನೆರೆಮನೆಯ ಇಬ್ಬರು ಮಕ್ಕಳಿಗೆ ನಮ್ಮ ಜಗುಲಿಯ ಮೇಲೆ ನಾಲ್ಕಾರು ಸಂಜೆ ಈ ಕಥೆಯನ್ನು ಹೇಳಿದೆ. ಶಾಲೆ ಮುಚ್ಚಿದ ಭಾಗಕ್ಕೆ ಬಂದಾಗ ಅಕ್ಕ ಕೇಳಿದಳು: “ಅಷ್ಟು ಪುಸ್ತಕ ಇದ್ದರೂ ಅವರಿಗೆ ಓದೋದು ಯಾಕೆ ಬೇಡವಾಯಿತು, ತಾತ?” ನಾನು ಉತ್ತರ ಹುಡುಕುತ್ತಿರುವಾಗಲೇ ತಮ್ಮ ಹೇಳಿದ: “ಅಂಗಡೀಲಿ ಡಬ್ಬಿ ಊಟ ಇತ್ತಲ್ಲ, ಅದಕ್ಕೆ.”

ಕಾದಂಬರಿಯ ಮರ್ಮವೇ ಅದು. ಇಶ್‌ನ ಜನ ಹಳೆಯ ಅಂಗಡಿಗಳ ಡಬ್ಬಿಗಳಿಂದ ಹೊಟ್ಟೆ ತುಂಬಿಕೊಳ್ಳುತ್ತಾರೆ. ಸತ್ತವರು ಕಟ್ಟಿದ ಜಲಾಶಯದ ನೀರನ್ನು ಸತ್ತವರು ಹಾಕಿದ ನಲ್ಲಿಯಿಂದ ಹಿಡಿಯುತ್ತಾರೆ. ಇಪ್ಪತ್ತು ವರ್ಷ ಹೀಗೆಯೇ ನಡೆದು, ಒಂದು ದಿನ ನಲ್ಲಿ ನಿಂತಾಗಲೇ ನೀರು ಎಲ್ಲಿಂದ ಬರುತ್ತಿತ್ತೆಂಬ ಪ್ರಶ್ನೆ ಹುಟ್ಟುತ್ತದೆ. ಹಿರಿಯರ ಗಳಿಕೆ ಮುಗಿಯುವವರೆಗೆ ಕಲಿಕೆ ಅನಗತ್ಯವೆಂದು ತೋರುವುದು ಸಹಜ. ಮುಗಿದ ಮೇಲೆ ಕಲಿಸುವವರು ಉಳಿದಿರುವುದಿಲ್ಲ. ನಲ್ಲಿ ತಿರುಗಿಸಿ ನೀರು ಕಾಣುವ ನಮಗೂ ಈ ಮಾತು ಸಲ್ಲದೆ? ಆದುದರಿಂದ ಇಶ್ ಕೊಟ್ಟ ಬಿಲ್ಲನ್ನು ಶಾಲೆಯ ಸೋಲೆಂದು ನಾನು ಭಾವಿಸಲಾರೆ. ನಾಳೆಯ ಅಗತ್ಯವನ್ನು ಇಂದೇ ಕಂಡು, ಅದನ್ನು ಮಗುವಿನ ಕೈಗೆ ಹಿಡಿಯುವ ಹಾಗೆ ಕೊಟ್ಟವನು ಶಿಕ್ಷಕನೇ. ಅವನ ಮುಪ್ಪಿನಲ್ಲಿ ಯುವಕರು ಹಳೆಯ ನಾಣ್ಯಗಳನ್ನು ಬಡಿದು ಬಾಣದ ಮೊನೆ ಮಾಡಿಕೊಳ್ಳುತ್ತಾರೆ.

ಕಸುಬು ಉಳಿದರೆ ಸಾಕೆ? ಶಾಸ್ತ್ರ ಬೇಡವೆ? ಇದಕ್ಕೆ ವಾಲ್ಟರ್ ಮಿಲ್ಲರ್ ಅವರ ‘ಎ ಕ್ಯಾಂಟಿಕಲ್ ಫಾರ್ ಲೀಬೊವಿಟ್ಜ್’ ಇನ್ನೊಂದು ಉತ್ತರ ಕೊಡುತ್ತದೆ. ಮಿಲ್ಲರ್ ಎರಡನೆಯ ಮಹಾಯುದ್ಧದಲ್ಲಿ ವಿಮಾನದಳದ ಸೈನಿಕರಾಗಿದ್ದರು. 1944ರಲ್ಲಿ ಇಟಲಿಯ ಮಾಂಟೆ ಕಸಿನೊ ಎಂಬ ಪ್ರಾಚೀನ ಮಠದ ಮೇಲೆ ನಡೆದ ಬಾಂಬುದಾಳಿಯಲ್ಲಿ ಪಾಲ್ಗೊಂಡಿದ್ದರು. ಮಠವನ್ನು ಕೆಡವಿದ ಕೈಯೇ ಕಾದಂಬರಿಯಲ್ಲಿ ಮಠವೊಂದನ್ನು ಕಟ್ಟಿತು. ಅಣುಯುದ್ಧದ ನಂತರ ರೊಚ್ಚಿಗೆದ್ದ ಜನ ವಿದ್ವಾಂಸರನ್ನು ಕೊಂದು ಗ್ರಂಥಗಳನ್ನು ಸುಡುತ್ತಾರೆ. ಅಳಿದುಳಿದ ಹಾಳೆಗಳನ್ನು ಮರುಭೂಮಿಯ ಮಠದಲ್ಲಿ ಸನ್ಯಾಸಿಗಳು ಕಾಪಾಡುತ್ತಾರೆ. ಫ್ರಾನ್ಸಿಸ್ ಎಂಬ ಸಾಧು ವಿದ್ಯುತ್ ಯಂತ್ರದ ನಕ್ಷೆಯೊಂದನ್ನು, ಅದರ ಅರ್ಥವೇ ತಿಳಿಯದೆ, ಹದಿನೈದು ವರ್ಷ ಕುಳಿತು ಬಂಗಾರದ ಅಲಂಕಾರದೊಡನೆ ನಕಲು ಮಾಡುತ್ತಾನೆ. ದಾರಿಯಲ್ಲಿ ಕಳ್ಳರು ಅಲಂಕೃತವಾದ ನಕಲೇ ಬೆಲೆಯುಳ್ಳದ್ದೆಂದು ಭ್ರಮಿಸಿ ಅದನ್ನು ಕಿತ್ತುಕೊಳ್ಳುತ್ತಾರೆ, ಮೂಲ ಉಳಿಯುತ್ತದೆ. ಅವನ ಶ್ರಮ ವ್ಯರ್ಥವಾಯಿತೆ? ನನಗೆ ಹಾಗೆ ತೋರುವುದಿಲ್ಲ. ಶತಮಾನಗಳ ನಂತರ ಅದೇ ಮಠದಲ್ಲಿ ಸನ್ಯಾಸಿಗಳು ಚಕ್ರ ತುಳಿದು ವಿದ್ಯುದ್ದೀಪ ಬೆಳಗಿಸುತ್ತಾರೆ.

ಆದರೆ ಮಿಲ್ಲರ್ ಕಥೆಯನ್ನು ಆ ಬೆಳಕಿನಲ್ಲಿ ಮುಗಿಸುವುದಿಲ್ಲ. ಮತ್ತೆ ಆರು ಶತಮಾನ ಕಳೆದ ಮೇಲೆ ಪುನಃ ಅಣುಬಾಂಬು ಸಿಡಿಯುತ್ತದೆ. ಅರಿವು ಮರಳಿತು, ವಿವೇಕ ಮರಳಲಿಲ್ಲ. ಗ್ರಂಥವನ್ನು ಕಾಪಿಡುವ ಕೆಲಸದೊಡನೆ ಮನಸ್ಸನ್ನು ತಿದ್ದುವ ಕೆಲಸವೂ ನಡೆಯದಿದ್ದರೆ ಪುನರ್ನಿರ್ಮಾಣವು ಎರಡನೆಯ ವಿನಾಶಕ್ಕೆ ಸಿದ್ಧತೆಯಾದೀತೆಂಬ ಎಚ್ಚರಿಕೆ ಇಲ್ಲಿದೆ.

2014ರಲ್ಲಿ ಎಮಿಲಿ ಸೇಂಟ್ ಜಾನ್ ಮ್ಯಾಂಡಲ್ ಬರೆದ ‘ಸ್ಟೇಷನ್ ಇಲೆವನ್’ ಈ ಮಾಲೆಗೆ ಇನ್ನೊಂದು ಹೂವನ್ನು ಸೇರಿಸಿದೆ. ಸಾಂಕ್ರಾಮಿಕ ಜ್ವರದಿಂದ ಲೋಕ ಬರಿದಾದ ಇಪ್ಪತ್ತು ವರ್ಷಗಳ ಮೇಲೆ, ಅಮೆರಿಕದ ಮಹಾಸರೋವರಗಳ ತೀರದಲ್ಲಿ ಕಲಾವಿದರ ತಂಡವೊಂದು ಊರೂರು ಅಲೆದು ಷೇಕ್ಸ್‌ಪಿಯರನ ನಾಟಕಗಳನ್ನಾಡುತ್ತದೆ. ಊಟಕ್ಕೇ ಕಷ್ಟವಿರುವ ಜನ ನಾಟಕ ನೋಡಲು ಸೇರುತ್ತಾರೆ. ಹತ್ತು ಜನ ಒಟ್ಟಿಗೆ ಕುಳಿತು ಇನ್ನೊಬ್ಬರ ದುಃಖಕ್ಕೆ ಕಣ್ಣೀರಿಟ್ಟಲ್ಲಿ ಸಮಾಜದ ತಳಹದಿ ಬಿದ್ದಂತೆಯೇ ಸರಿ.

ಆಶೆಯೆಂದರೆ ಎಲ್ಲವೂ ಒಳ್ಳೆಯದಾಗುವುದೆಂದು ಕೈಕಟ್ಟಿ ಕುಳಿತುಕೊಳ್ಳುವುದಲ್ಲ. ಫ್ರಾನ್ಸಿಸನು ದೀಪವನ್ನು ಕಾಣಲಿಲ್ಲ, ಆದರೂ ಬರೆದ. ಫಲವನ್ನು ತಾನು ಉಣ್ಣಲಾರೆನೆಂದು ತಿಳಿದೂ ಬೀಜವನ್ನು ಒಣಗಿಸಿ ಕಟ್ಟಿಡುವವರಿಂದಲೇ ಲೋಕ ನಡೆದುಬಂದಿದೆ. ಮನುವಿಗೆ ಮೀನು ಮೊದಲೇ ಎಚ್ಚರಿಕೆ ಕೊಟ್ಟಿತ್ತು. ನಮಗೆ ಅಂಥ ಎಚ್ಚರಿಕೆ ಕೊಡುವುದು ಈ ಕಥೆಗಳ ಕೆಲಸ. ಅವನ್ನು ಓದಿ ಹೆದರುವುದಕ್ಕಿಂತ, ನಲ್ಲಿಯಲ್ಲಿ ನೀರು ಬರುತ್ತಿರುವಾಗಲೇ ಬಾವಿ ತೋಡುವುದನ್ನು ಕಲಿತಿರುವುದು ಮೇಲು.