ಇವತ್ತೇನಕ್ಕಾ?

ಲಗ್ಗೆರೆ ಬ್ರಿಡ್ಜ್ ದಾಟಿ ಒಳರಸ್ತೆಗೆ ತಿರುಗಿದರೆ ಮುದ್ದೆ ಹೋಟೆಲಿಗೆ ಯಾರನ್ನೂ ದಾರಿ ಕೇಳಬೇಕಿಲ್ಲ. ಮಧ್ಯಾಹ್ನ ಒಂದು ಗಂಟೆಗೆ ಪೀಣ್ಯದ ಲೇತ್ ಶೆಡ್ಡುಗಳಿಂದ ಬಂದ ಬೈಕುಗಳು ಎಲ್ಲಿ ಅಡ್ಡಾದಿಡ್ಡಿ ನಿಂತಿವೆಯೋ ಅಲ್ಲಿ ಊಟ ಚೆನ್ನಾಗಿದೆ ಎಂದರ್ಥ. ನಾನು ಹೋಗುವ ಹೋಟೆಲಿನ ಬೋರ್ಡು ಬಿಸಿಲಿಗೆ ಮಾಸಿ ಹೋಗಿದೆ. ನಮಗೆಲ್ಲ ಅದು ಅಕ್ಕನ ಹೋಟ್ಲು. ಅಕ್ಕ ನಾಗಮಂಗಲದ ಕಡೆಯವರು.

ಮೆನು ಎಂಬುದಿಲ್ಲ. ಕೈ ತೊಳೆದು ಕೂತು "ಇವತ್ತೇನಕ್ಕಾ?" ಅನ್ನಬೇಕು. "ಬಸ್ಸಾರು" ಅಂದರೆ ಬಸ್ಸಾರು. ಸೋಮವಾರ ಬೋಟಿ ಕೇಳಿದವನನ್ನು ಅಕ್ಕ ಒಮ್ಮೆ ನೋಡಿದರೆ ಸಾಕು, ಅವನು ಮಾತಾಡದೆ ಉಪ್ಸಾರು ಉಣ್ಣುತ್ತಾನೆ. ಭಾನುವಾರ ನಾಟಿಕೋಳಿ, ಅವರೆಕಾಯಿ ಕಾಲದಲ್ಲಿ ಹಿತಕಿದ ಬೇಳೆ. ಹೊಸಬನೊಬ್ಬ ಮುದ್ದೆಯನ್ನು ಚ್ಯೂಯಿಂಗ್ ಗಮ್ಮಿನಂತೆ ಜಗಿಯುತ್ತಿದ್ದರೆ, "ನುಂಗಪ್ಪಾ, ಹಲ್ಲಿಗ್ಯಾಕೆ ಓವರ್‌ಟೈಮು?" ಎಂಬ ಪಾಠವೂ ಪುಕ್ಕಟೆ.

ಬಸ್ಸಾರಿನ ಗುಟ್ಟು ಇಷ್ಟೇ: ಸೊಪ್ಪು, ಕಾಳು ಬೇಯಿಸಿ ಕಟ್ಟು ಬಸಿದು, ರುಬ್ಬಿದ ಖಾರ ಬೆರೆಸಿದರೆ ಸಾರು. ಉಳಿದದ್ದಕ್ಕೆ ಒಗ್ಗರಣೆ ಬಿದ್ದರೆ ಪಲ್ಯ. ಒಂದೇ ಪಾತ್ರೆಯಿಂದ ಎರಡು ಅಡುಗೆ ತೆಗೆಯುವ ಈ ಜಾಣತನ ಮಂಡ್ಯ, ಹಾಸನದ್ದು ಮಾತ್ರ ಅಂದುಕೊಂಡಿದ್ದೆ. ಸ್ಪೇನಿನ ಕತಲೂನ್ಯದವರೂ ಕಡಿಮೆಯಿಲ್ಲ. 'ಎಸ್ಕುಡೆಲ್ಯಾ' ಎಂದು ಮಾಂಸ, ಕಡಲೆ, ತರಕಾರಿ, ಜೊತೆಗೆ ದೊಡ್ಡದೊಂದು ಕೈಮಾ ಉಂಡೆ ಎಲ್ಲವನ್ನೂ ಒಂದೇ ಹಂಡೆಯಲ್ಲಿ ಬೇಯಿಸುತ್ತಾರೆ. ಮೊದಲು ಕಟ್ಟಿಗೆ ಪಾಸ್ತಾ ಹಾಕಿ ಸೂಪು, ಆಮೇಲೆ ಉಳಿದದ್ದೆಲ್ಲ ತಟ್ಟೆಗೆ. ಬಾರ್ಸಿಲೋನಾದ ಗಲ್ಲಿ ಹೋಟೆಲುಗಳಲ್ಲಿ ಮಧ್ಯಾಹ್ನದೂಟಕ್ಕೆ ಒಂದೇ ದರ, ಎಷ್ಟೋ ಕಡೆ ಬ್ರೆಡ್ಡು, ವೈನು ಅದರಲ್ಲೇ ಸೇರಿರುತ್ತದೆ. ಅಕ್ಕನಿಗೆ ಹೇಳಿದೆ. "ಊಟದ ಜೊತೇಲಾ? ನಮ್ಮೋರು ಅದನ್ನ ಮುಗಿಸ್ಕೊಂಡೇ ಬತ್ತಾರೆ ಬುಡಣ್ಣ" ಎಂದರು.

1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ಬಂದ ಮೇಲೆ ಬೆಂಗಳೂರು ನಿಂತು ತಿನ್ನುವುದನ್ನು ರೂಢಿಸಿಕೊಂಡಿತು. ಈಗ ಸ್ಕ್ಯಾನ್ ಮಾಡಿ ತಿನ್ನುತ್ತಿದೆ. ಮುಖ್ಯರಸ್ತೆಯ ಹೊಸ ಹೋಟೆಲಿನಲ್ಲಿ ಮೊಬೈಲು ಉಜ್ಜುತ್ತ ಉಜ್ಜುತ್ತ ಹೋದೆ. ಪಟ್ಟಿ ಮುಗಿಯುವ ಮೊದಲೇ ಹಸಿವು ಇಂಗಿತ್ತು. ಯಾವ ಸ್ಕೂಲು, ಯಾವ ಸಾಲ, ಯಾವ ಆಸ್ಪತ್ರೆ ಎಂದು ದಿನವಿಡೀ ಆರಿಸಿ ಆರಿಸಿ ಸುಸ್ತಾದವನಿಗೆ ಊಟದ ಹೊತ್ತಿಗಾದರೂ ಬೇರೆ ಯಾರೋ ತೀರ್ಮಾನ ಮಾಡಿಟ್ಟಿದ್ದರೆ ಎಷ್ಟು ಹಗುರ! ಅವ್ವ ಹೋದ ಮೇಲೆ, ಬೇಡವೆಂದರೂ ಅರ್ಧ ಮುದ್ದೆ ತಟ್ಟೆಗಿಳಿಸುವ ಅಧಿಕಾರ ಈ ಊರಿನಲ್ಲಿ ಅಕ್ಕನೊಬ್ಬರಿಗೇ ಉಳಿದಿದೆ.

ಈಗ ಅಕ್ಕನ ಹೋಟೆಲಿರುವ ಕಟ್ಟಡದ ಮಾಲೀಕರು ಇಡೀ ಬಿಲ್ಡಿಂಗನ್ನು ಪಿಜಿ ಮಾಡುತ್ತಾರಂತೆ. ಸುದ್ದಿ ಕೇಳಿ ನಾನೇ ಸಪ್ಪಗಾದೆ. ಅಕ್ಕ ಮಾತ್ರ ಸೊಪ್ಪು ಬಿಡಿಸುತ್ತಲೇ ಇದ್ದರು.

"ಅಡುಗೆಗೆ ನನ್ನೇ ಕೇಳವ್ರೆ ಕಣಣ್ಣ. ಆದ್ರೆ ಏಳು ದಿನದ್ದೂ ಗೋಡೆ ಮೇಲೆ ಬರೆದು ಹಾಕ್ಬೇಕಂತೆ. ನಾಳೆ ಸೊಪ್ಪಿನವಳು ಏನು ತತ್ತಾಳೋ ನಂಗೇ ಗೊತ್ತಿಲ್ಲ, ಗೋಡೆಗೆ ಹೆಂಗೆ ಗೊತ್ತಾಗ್ತದೆ?"